ಗ್ರಾಮೀಣ ಪ್ರದೇಶಗಳಲ್ಲಿ ಚಿರತೆ, ಕಾಡುಬೆಕ್ಕು ಹಾಗೂ ಇತರ ಪರಭಕ್ಷಕ ಪ್ರಾಣಿಗಳಿಂದ ಜಾನುವಾರುಗಳ ರಕ್ಷಣೆ

ಪೀಠಿಕೆ

ಕರ್ನಾಟಕದ ಒಣಬೇಸಾಯ ಹಾಗೂ ನೀರಾವರಿ ಪ್ರದೇಶಗಳೆರಡರಲ್ಲಿಯೂ ಸಣ್ಣ ಮತ್ತು ಅತಿ ಸಣ್ಣ ರೈತರ ಜೀವನೋಪಾಯಕ್ಕೆ ಹೈನುಗಾರಿಕೆ, ಕುರಿ-ಮೇಕೆ ಹಾಗೂ ಕೋಳಿ ಸಾಕಾಣಿಕೆಗಳು ಆಧಾರವಾಗಿವೆ. ಮಳೆ ಕೈಕೊಟ್ಟ ವರ್ಷದಲ್ಲಿ ಬೆಳೆ ಹೋದರೂ ನಾಲ್ಕು ಮೇಕೆಗಳು ಮನೆಯನ್ನು ಸಾಗಿಸುತ್ತವೆ. ಅಂತಹ ಕುಟುಂಬವು ಒಂದೇ ರಾತ್ರಿಯಲ್ಲಿ ಎರಡು ಮೇಕೆಗಳನ್ನು ಕಳೆದುಕೊಂಡರೆ ಅದು ವರ್ಷದ ಉಳಿತಾಯದ ಅರ್ಧವನ್ನು ಕಳೆದುಕೊಂಡಂತೆಯೇ ಸರಿ. ಆದ್ದರಿಂದ ಚಿರತೆ ಕಾಣಿಸಿಕೊಂಡಿದೆ ಎಂಬ ಸುದ್ದಿ ಹಬ್ಬಿದ ಕೂಡಲೇ ಗ್ರಾಮಗಳಲ್ಲಿ ಆತಂಕ ಮೂಡುವುದು ಸಹಜ.

ಆದರೆ ಇಂತಹ ಸಂದರ್ಭಗಳಲ್ಲಿ ರೈತರ ಗಮನವೆಲ್ಲವೂ ಪ್ರಾಣಿಯನ್ನು ಹಿಡಿಸುವ ಕಡೆಗೆ ಹೋಗುತ್ತದೆಯೇ ಹೊರತು ಜಾನುವಾರುಗಳು ರಾತ್ರಿ ಕಳೆಯುವ ಸ್ಥಳದ ಕಡೆಗೆ ಹೋಗುವುದಿಲ್ಲ. ಚಿರತೆಯು ಎಲ್ಲಿ ಓಡಾಡಬೇಕೆಂಬುದು ರೈತರ ಹತೋಟಿಯಲ್ಲಿಲ್ಲ. ಕೊಟ್ಟಿಗೆಯ ಬಾಗಿಲು ಮಾತ್ರ ಅವರ ಹತೋಟಿಯಲ್ಲಿದೆ. ಈ ಲೇಖನದಲ್ಲಿ ಪರಭಕ್ಷಕ ಪ್ರಾಣಿಗಳನ್ನು ಗುರುತಿಸುವ ವಿಧಾನ, ಸುರಕ್ಷಿತ ಕೊಟ್ಟಿಗೆಯ ರಚನೆ, ಬೆಳೆ ನಿರ್ವಹಣೆಯ ಮೂಲಕ ಕೈಗೊಳ್ಳಬಹುದಾದ ಮುನ್ನೆಚ್ಚರಿಕೆಗಳು ಹಾಗೂ ದಾಳಿಯ ನಂತರ ಅನುಸರಿಸಬೇಕಾದ ಕ್ರಮಗಳನ್ನು ವಿವರಿಸಲಾಗಿದೆ.

ಹೊಲಗಳಲ್ಲಿ ಚಿರತೆಗಳ ವಾಸ

ರಾಷ್ಟ್ರಮಟ್ಟದಲ್ಲಿ ನಡೆದ 2022ರ ಅಂದಾಜಿನ ಪ್ರಕಾರ ಭಾರತದಲ್ಲಿ 13,874 ಚಿರತೆಗಳಿದ್ದು, ಅವುಗಳಲ್ಲಿ 1,879 ಕರ್ನಾಟಕದಲ್ಲಿವೆ. ಮಧ್ಯಪ್ರದೇಶ ಹಾಗೂ ಮಹಾರಾಷ್ಟ್ರಗಳ ನಂತರ ನಮ್ಮ ರಾಜ್ಯವು ಮೂರನೆಯ ಸ್ಥಾನದಲ್ಲಿದೆ. ಈ ಅಂದಾಜು ಮುಖ್ಯವಾಗಿ ಅರಣ್ಯ ಪ್ರದೇಶಗಳಿಗೆ ಸಂಬಂಧಿಸಿದ್ದು, ಕಬ್ಬಿನ ಗದ್ದೆ, ಕಲ್ಲುಗುಡ್ಡ, ಕುರುಚಲು ಕಾಡು ಹಾಗೂ ಪಾಳುಬಿದ್ದ ಜಮೀನುಗಳಲ್ಲಿ ನೆಲೆಸಿರುವ ಚಿರತೆಗಳು ಇದರಲ್ಲಿ ಪೂರ್ಣವಾಗಿ ಸೇರಿಲ್ಲ.

ಹುಲಿಗೆ ವಿಸ್ತಾರವಾದ ಕಾಡು ಹಾಗೂ ದೊಡ್ಡ ಬೇಟೆ ಬೇಕು. ಚಿರತೆಯು ಇಲಿ, ಮೊಲ, ನವಿಲು, ಕಾಡುಹಂದಿಯ ಮರಿ, ಮಂಗ, ಬೀದಿನಾಯಿ, ಮೇಕೆ ಹೀಗೆ ಸಿಕ್ಕಿದ್ದರಲ್ಲಿ ಜೀವಿಸಬಲ್ಲದು. ಹಗಲಿನಲ್ಲಿ ಅಡಗಲು ಒಂದಿಷ್ಟು ಮರೆ, ರಾತ್ರಿಯಲ್ಲಿ ತಿನ್ನಲು ಒಂದಿಷ್ಟು ಆಹಾರ ಹಾಗೂ ಕುಡಿಯಲು ನೀರು ದೊರೆತರೆ ಅದಕ್ಕೆ ಸಾಕು. ನಾಲೆ ನೀರಾವರಿ ಬಂದ ಪ್ರದೇಶಗಳಲ್ಲಿ 12ರಿಂದ 18 ತಿಂಗಳು ನಿಲ್ಲುವ ಕಬ್ಬಿನ ಬೆಳೆಯು ಈ ಮೂರನ್ನೂ ಒದಗಿಸುತ್ತದೆ. ನಾಟಿಯ ಕಾಲ ಬೇರೆ ಬೇರೆಯಾಗಿರುವುದರಿಂದ ಒಂದು ಗ್ರಾಮದಲ್ಲಿ ವರ್ಷದ ಎಲ್ಲ ತಿಂಗಳುಗಳಲ್ಲಿಯೂ ಎಲ್ಲಿಯಾದರೂ ಎತ್ತರದ ಕಬ್ಬು ಇದ್ದೇ ಇರುತ್ತದೆ. ಹೆಣ್ಣು ಚಿರತೆಯು ಸಾಮಾನ್ಯವಾಗಿ 2ರಿಂದ 3 ಮರಿಗಳನ್ನು ಹಾಕುತ್ತದೆ. ಮರಿಗಳು ಸುಮಾರು ಒಂದೂವರೆಯಿಂದ ಎರಡು ವರ್ಷ ತಾಯಿಯೊಂದಿಗೆ ಇರುತ್ತವೆ. ಕಬ್ಬಿನಲ್ಲಿ ಹುಟ್ಟಿ ಬೆಳೆದ ಚಿರತೆಯು ಕಾಡಿನಿಂದ ದಾರಿತಪ್ಪಿ ಬಂದ ಪ್ರಾಣಿಯಲ್ಲ. ಆ ಹೊಲವೇ ಅದರ ನೆಲೆ.

ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹಮದ್‌ನಗರ) ಜಿಲ್ಲೆಯ ಅಕೋಲೆ ತಾಲ್ಲೂಕಿನ ಕಬ್ಬು ಬೆಳೆಯುವ ಕಣಿವೆಯಲ್ಲಿ ವಿಜ್ಞಾನಿ ವಿದ್ಯಾ ಅತ್ರೇಯ ಹಾಗೂ ಸಹೋದ್ಯೋಗಿಗಳು ನಡೆಸಿದ ಅಧ್ಯಯನವು ರೈತರಿಗೆ ಬಹಳ ಉಪಯುಕ್ತವಾದ ಅಂಶವೊಂದನ್ನು ತಿಳಿಸಿದೆ. ಅಲ್ಲಿನ ಚಿರತೆಗಳ ಆಹಾರದಲ್ಲಿ ತೂಕದ ಲೆಕ್ಕದಲ್ಲಿ ಶೇ. 87ರಷ್ಟು ಸಾಕುಪ್ರಾಣಿಗಳೇ ಆಗಿದ್ದವು. ಅದರಲ್ಲಿ ನಾಯಿಗಳ ಪಾಲು ಶೇ. 39, ಸಾಕುಬೆಕ್ಕುಗಳ ಪಾಲು ಶೇ. 15 ಆಗಿತ್ತು. ಮೇಕೆಗಳ ಸಂಖ್ಯೆಯು ನಾಯಿಗಳಿಗಿಂತ ಸುಮಾರು ಏಳು ಪಟ್ಟು ಹೆಚ್ಚಾಗಿದ್ದರೂ ಆಹಾರದಲ್ಲಿ ಅವುಗಳ ಪಾಲು ಕೇವಲ ಶೇ. 11. ಮೇಕೆಗಳನ್ನು ರಾತ್ರಿ ಕೂಡಿಹಾಕುತ್ತಿದ್ದರು, ನಾಯಿಗಳು ಬಯಲಿನಲ್ಲಿ ಅಲೆಯುತ್ತಿದ್ದವು ಎಂಬುದೇ ಈ ವ್ಯತ್ಯಾಸಕ್ಕೆ ಕಾರಣ. ಚಿರತೆಯು ಅತಿ ಸುಲಭವಾಗಿ ಸಿಗುವ ಪ್ರಾಣಿಯನ್ನು ಹಿಡಿಯುತ್ತದೆ. ಸುಲಭವಾಗಿ ಸಿಗದಂತೆ ಮಾಡುವುದೇ ರಕ್ಷಣೆಯ ಮೂಲತತ್ತ್ವ.

ಕಂಡ ಪ್ರಾಣಿ ಯಾವುದು ಎಂಬುದನ್ನು ಖಚಿತಪಡಿಸಿಕೊಳ್ಳುವುದು

ಹೆಸರುಗಳ ಗೊಂದಲದಿಂದಾಗಿ ಅನೇಕ ಬಾರಿ ತಪ್ಪು ಮಾಹಿತಿ ಹರಡುತ್ತದೆ. ಹಳೆಯ ಮೈಸೂರು ಭಾಗದ ಹಳ್ಳಿಗಳಲ್ಲಿ ಚಿರತೆಯನ್ನು ಕಿರುಬ ಎನ್ನುವುದುಂಟು. ಪುಸ್ತಕಗಳಲ್ಲಿ ಕತ್ತೆಕಿರುಬ ಎಂದರೆ ಬೇರೆಯೇ ಪ್ರಾಣಿ. ಕರಾವಳಿಯಲ್ಲಿ ಚಿರತೆಯನ್ನು ಚಿಟ್ಟೆಹುಲಿ ಎನ್ನುತ್ತಾರೆ. ಕರಿಚಿರತೆಯು ಬೇರೆ ಜಾತಿಯಲ್ಲ, ಮೈಬಣ್ಣ ಮಾತ್ರ ಕಪ್ಪಾಗಿರುವ ಚಿರತೆಯೇ ಆಗಿದೆ. ಮಾಹಿತಿ ನೀಡುವಾಗ ಹೆಸರಿನ ಜೊತೆಗೆ ಗಾತ್ರ, ಬಣ್ಣ, ಬಾಲದ ಉದ್ದ ಹಾಗೂ ಕಂಡ ಸಮಯವನ್ನು ತಿಳಿಸಬೇಕು.

1. ಚಿರತೆ: ಹಳದಿ ಮಿಶ್ರಿತ ಕಂದು ಮೈಮೇಲೆ ಗುಲಾಬಿ ಹೂವಿನಂತೆ ಗುಂಪಾದ ಕಪ್ಪು ಚುಕ್ಕೆಗಳು. ಬಾಲವು ದೇಹದಷ್ಟೇ ಉದ್ದವಿದ್ದಂತೆ ಕಾಣುತ್ತದೆ. ಬೆಳೆದ ಗಂಡು ಸಾಮಾನ್ಯವಾಗಿ 50ರಿಂದ 70 ಕಿ.ಗ್ರಾಂ. ತೂಗುತ್ತದೆ, ಹೆಣ್ಣು ಇದಕ್ಕಿಂತ ಚಿಕ್ಕದು.

2. ಕಾಡುಬೆಕ್ಕು: ಸಾಕುಬೆಕ್ಕಿಗಿಂತ ದೊಡ್ಡದು, ಉದ್ದ ಕಾಲು, ಮರಳಿನ ಅಥವಾ ಬೂದು ಮಿಶ್ರಿತ ಕಂದು ಬಣ್ಣ, ಮೈಮೇಲೆ ಚುಕ್ಕೆಗಳಿಲ್ಲ. ಕಿವಿಯ ತುದಿಯಲ್ಲಿ ಸಣ್ಣ ಕಪ್ಪು ಕೂದಲ ಗೊಂಚಲು, ಗಿಡ್ಡ ಬಾಲದ ತುದಿಯಲ್ಲಿ ಕಪ್ಪು ಬಳೆಗಳು ಇರುತ್ತವೆ.

3. ತುಕ್ಕುಬಣ್ಣದ ಚುಕ್ಕೆಬೆಕ್ಕು: ಜಗತ್ತಿನ ಅತಿ ಚಿಕ್ಕ ಕಾಡುಬೆಕ್ಕುಗಳಲ್ಲೊಂದು. ಸಾಕುಬೆಕ್ಕಿನ ಅರ್ಧದಷ್ಟು ಗಾತ್ರ, ತೂಕ ಒಂದರಿಂದ ಒಂದೂವರೆ ಕಿ.ಗ್ರಾಂ. ಆಸುಪಾಸು. ಮೈಮೇಲೆ ತುಕ್ಕಿನ ಬಣ್ಣದ ಸಣ್ಣ ಚುಕ್ಕೆಗಳು ಸಾಲಾಗಿರುತ್ತವೆ.

4. ಚಿರತೆಬೆಕ್ಕು: ಮಲೆನಾಡು ಹಾಗೂ ಪಶ್ಚಿಮಘಟ್ಟದ ತೋಟಗಳ ಅಂಚಿನಲ್ಲಿ ಕಾಣುತ್ತದೆ. ಸಾಕುಬೆಕ್ಕಿನ ಗಾತ್ರವಿದ್ದು, ಮೈತುಂಬಾ ಕಪ್ಪು ಚುಕ್ಕೆಗಳಿರುವುದರಿಂದ ಚಿರತೆಯ ಮರಿಯೆಂದು ತಪ್ಪಾಗಿ ಭಾವಿಸಲಾಗುತ್ತದೆ.

5. ಪುನುಗುಬೆಕ್ಕು: ಹೆಸರಿನಲ್ಲಿ ಬೆಕ್ಕು ಎಂದಿದ್ದರೂ ಇದು ಬೆಕ್ಕಿನ ಕುಟುಂಬಕ್ಕೆ ಸೇರಿಲ್ಲ. ಚೂಪಾದ ಮೂತಿ, ಗಿಡ್ಡ ಕಾಲು ಹಾಗೂ ಉದ್ದನೆಯ ದೇಹದಿಂದ ಗುರುತಿಸಬಹುದು.

ಸಣ್ಣ ಕಾಡುಬೆಕ್ಕುಗಳು ಕುರಿ, ಮೇಕೆ ಅಥವಾ ಕರುಗಳಿಗೆ ಅಪಾಯಕಾರಿಯಲ್ಲ. ಭದ್ರವಿಲ್ಲದ ಗೂಡಿನಿಂದ ಕೋಳಿಗಳನ್ನು ಒಯ್ಯುವುದುಂಟು. ಆದರೆ ಬೆಳೆಗಾರನಿಗೆ ಇವುಗಳಿಂದ ಆಗುವ ಪ್ರಯೋಜನವು ಹೆಚ್ಚು. ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನದ ಅಂದಾಜಿನಂತೆ ಬೆಳೆದ ಕಾಡುಬೆಕ್ಕು ದಿನವೊಂದಕ್ಕೆ 3ರಿಂದ 5 ಇಲಿಗಳನ್ನು ತಿನ್ನುತ್ತದೆ. ಅಂದರೆ ವರ್ಷಕ್ಕೆ ಸಾವಿರಕ್ಕೂ ಹೆಚ್ಚು. ಭತ್ತ, ಕಬ್ಬು ಹಾಗೂ ತೆಂಗಿನಲ್ಲಿ ಇಲಿಗಳ ಹಾವಳಿಯನ್ನು ಬಲ್ಲ ರೈತರು ಈ ಲೆಕ್ಕವನ್ನು ಗಮನಿಸಬೇಕು. ಕೋಳಿಗೂಡನ್ನು ಭದ್ರಪಡಿಸಿ ಕಾಡುಬೆಕ್ಕನ್ನು ಹೊಲದಲ್ಲಿ ಉಳಿಸಿಕೊಳ್ಳುವುದು ಲಾಭದಾಯಕ. ಇಲಿ ಪಾಷಾಣ ತಿಂದು ಸತ್ತ ಇಲಿಗಳನ್ನು ಬಯಲಿನಲ್ಲಿ ಬಿಡದೆ ಆಯ್ದು ಹೂಳಬೇಕು. ಇಲ್ಲವಾದಲ್ಲಿ ಅವುಗಳನ್ನು ತಿಂದ ಕಾಡುಬೆಕ್ಕು ಮತ್ತು ಗೂಬೆಗಳೂ ಸಾಯುವ ಸಂಭವವಿದೆ.

ದಾಳಿ ಮಾಡಿದ ಪ್ರಾಣಿಯನ್ನು ಗುರುತಿಸುವ ವಿಧಾನ

ಎಲ್ಲ ದಾಳಿಗಳೂ ಚಿರತೆಯವಲ್ಲ. ಪರಿಹಾರದ ಅರ್ಜಿಗೆ ಹಾಗೂ ಮುಂದಿನ ಮುನ್ನೆಚ್ಚರಿಕೆಗೆ ಸರಿಯಾದ ಗುರುತಿಸುವಿಕೆ ಅತ್ಯವಶ್ಯ. ಕಳೇಬರವನ್ನು ಮುಟ್ಟದೆ, ಜನರು ಸುತ್ತಲೂ ತುಳಿಯುವ ಮೊದಲೇ ಈ ಕೆಳಗಿನ ಅಂಶಗಳನ್ನು ಪರಿಶೀಲಿಸಬೇಕು.

ಚಿರತೆ: ಗಂಟಲು ಅಥವಾ ಕತ್ತಿನ ಹಿಂಭಾಗದಲ್ಲಿ ಆಳವಾದ ಕೋರೆಹಲ್ಲಿನ ಗಾಯಗಳಿರುತ್ತವೆ. ಬೇಟೆಯನ್ನು ಪೊದೆ, ಕಬ್ಬು ಅಥವಾ ಮರದ ಮೇಲಕ್ಕೆ ಎಳೆದೊಯ್ಯುವ ಸ್ವಭಾವವಿರುವುದರಿಂದ ಎಳೆದ ಗುರುತು ಕಾಣುತ್ತದೆ. ಹೊಟ್ಟೆ ಅಥವಾ ಎದೆಯ ಭಾಗದಿಂದ ತಿನ್ನಲು ಪ್ರಾರಂಭಿಸುವುದು ಸಾಮಾನ್ಯ. ಹೆಜ್ಜೆ ಗುರುತು ದುಂಡಾಗಿದ್ದು ಸುಮಾರು 6ರಿಂದ 9 ಸೆಂ.ಮೀ. ಅಗಲವಿರುತ್ತದೆ, ನಾಲ್ಕು ಬೆರಳುಗಳ ಗುರುತು ಇದ್ದು ಉಗುರಿನ ಗುರುತು ಸಾಮಾನ್ಯವಾಗಿ ಇರುವುದಿಲ್ಲ. ಕೂಡಿಹಾಕಿದ ದೊಡ್ಡಿಯೊಳಗೆ ನುಗ್ಗಿದಾಗ, ಓಡಲು ದಾರಿಯಿಲ್ಲದೆ ಗಾಬರಿಯಿಂದ ಸುತ್ತುವ ಕುರಿಗಳಲ್ಲಿ ಹಲವನ್ನು ಕೊಲ್ಲಬಹುದು.

ಹುಲಿ: ಕಾಡಂಚಿನ ಗ್ರಾಮಗಳಲ್ಲಿ ಬೆಳೆದ ದನ, ಎಮ್ಮೆಗಳ ಮೇಲೆ ದಾಳಿ ಮಾಡುತ್ತದೆ. ಹಿಂಭಾಗದಿಂದ ತಿನ್ನಲು ಪ್ರಾರಂಭಿಸುವುದು ಸಾಮಾನ್ಯ. ಹೆಜ್ಜೆ ಗುರುತು 11 ಸೆಂ.ಮೀ. ಹಾಗೂ ಅದಕ್ಕಿಂತ ಅಗಲ.

ತೋಳ: ಉತ್ತರ ಕರ್ನಾಟಕದ ಬಯಲುಸೀಮೆಯಲ್ಲಿ ಕುರಿಮರಿಗಳಿಗೆ ತೋಳದ ಕಾಟವಿದೆ. ಮೇಯುವ ಮಂದೆಯಿಂದ ಅಥವಾ ರಾತ್ರಿಯ ಬಲೆದೊಡ್ಡಿಯಿಂದ ಮರಿಯನ್ನು ಹೊತ್ತೊಯ್ಯುತ್ತದೆ. ಹೆಜ್ಜೆ ಗುರುತು ಅಗಲಕ್ಕಿಂತ ಉದ್ದವಾಗಿದ್ದು ಉಗುರಿನ ಗುರುತು ಸ್ಪಷ್ಟವಾಗಿರುತ್ತದೆ.

ಸೀಳುನಾಯಿ: ಮಲೆನಾಡು ಹಾಗೂ ಕಾಡಂಚಿನಲ್ಲಿ ಗುಂಪಾಗಿ, ಹೆಚ್ಚಾಗಿ ಹಗಲಿನಲ್ಲಿ ಬೇಟೆಯಾಡುತ್ತವೆ. ಹಿಂಭಾಗ ಹಾಗೂ ಹೊಟ್ಟೆಯನ್ನು ಸೀಳಿದ ಗಾಯಗಳಿರುತ್ತವೆ.

ಬೀದಿನಾಯಿಗಳು: ಹಿಂಗಾಲು, ಕಿವಿ, ಬಾಲ ಹಾಗೂ ಪಕ್ಕೆಗಳಲ್ಲಿ ಅನೇಕ ಹರಿದ ಗಾಯಗಳು. ಹಲವು ಪ್ರಾಣಿಗಳು ಗಾಯಗೊಂಡಿದ್ದು ತಿಂದಿರುವುದು ಅಲ್ಪ. ಉಗುರಿನ ಗುರುತಿರುವ ಹಲವು ಗಾತ್ರದ ಹೆಜ್ಜೆಗಳು ಕಂಡುಬರುತ್ತವೆ. ಚಿರತೆಯ ದಾಳಿಯೆಂದು ತಿಳಿಸಲಾಗುವ ಪ್ರಕರಣಗಳಲ್ಲಿ ನಾಯಿಗಳ ದಾಳಿಯೂ ಸೇರಿರುವುದರಿಂದ ಇದನ್ನು ವಿಶೇಷವಾಗಿ ಪರಿಶೀಲಿಸಬೇಕು.

ಕತ್ತೆಕಿರುಬ: ಮುಖ್ಯವಾಗಿ ಸತ್ತ ಪ್ರಾಣಿಗಳನ್ನು ತಿನ್ನುತ್ತದೆ. ದಪ್ಪ ಮೂಳೆಗಳನ್ನು ಪುಡಿಮಾಡಿರುವುದು ಹಾಗೂ ಮುಂಗಾಲಿನ ಹೆಜ್ಜೆಯು ಹಿಂಗಾಲಿನದಕ್ಕಿಂತ ದೊಡ್ಡದಾಗಿರುವುದು ಇದರ ಲಕ್ಷಣ.

ಹೆಜ್ಜೆ ಗುರುತಿನ ಛಾಯಾಚಿತ್ರ ತೆಗೆಯುವಾಗ ಪಕ್ಕದಲ್ಲಿ ಅಳತೆಪಟ್ಟಿ ಇಡಬೇಕು. ಅದಿಲ್ಲದಿದ್ದರೆ 10 ರೂಪಾಯಿ ನಾಣ್ಯವನ್ನಿಡಬಹುದು. ಅದರ ವ್ಯಾಸ 27 ಮಿ.ಮೀ. ಆಗಿರುವುದರಿಂದ ನಂತರ ಅಳತೆ ಲೆಕ್ಕಹಾಕಲು ಸಾಧ್ಯ. ಅರಣ್ಯ ಸಿಬ್ಬಂದಿ ಬರುವವರೆಗೆ ಗುರುತಿನ ಮೇಲೆ ಬೋಗುಣಿ ಅಥವಾ ಬುಟ್ಟಿಯನ್ನು ಮಗುಚಿ ಇಟ್ಟರೆ ಗುರುತು ಅಳಿಯುವುದಿಲ್ಲ.

ಹಿಡಿದು ಬೇರೆಡೆ ಬಿಡುವುದರ ಮಿತಿಗಳು

ಚಿರತೆಯು ತನ್ನದೇ ಆದ ಸರಹದ್ದನ್ನು ಕಾಯ್ದುಕೊಳ್ಳುವ ಪ್ರಾಣಿ. ಒಂದು ಚಿರತೆಯನ್ನು ಹಿಡಿದು ಸಾಗಿಸಿದರೆ ತೆರವಾದ ಜಾಗಕ್ಕೆ ಮತ್ತೊಂದು ಬರುತ್ತದೆ. ಹೊಸದಾಗಿ ಬಂದ ಪ್ರಾಣಿಗೆ ಗ್ರಾಮದ ಪರಿಚಯವಿರುವುದಿಲ್ಲ. ಸಾಗಿಸಲಾದ ಪ್ರಾಣಿಯೂ ಅಪರಿಚಿತ ಸ್ಥಳದಲ್ಲಿ ಅಲೆಯುತ್ತದೆ ಅಥವಾ ಹಿಂದಿರುಗಲು ಯತ್ನಿಸುತ್ತದೆ. ಪುಣೆ ಜಿಲ್ಲೆಯ ಜುನ್ನರ್ ಪ್ರದೇಶದಲ್ಲಿ ಇದರ ಪರಿಣಾಮವು ದಾಖಲಾಗಿದೆ. ಅಲ್ಲಿ 2001ರಿಂದ ಚಿರತೆಗಳನ್ನು ದೊಡ್ಡ ಸಂಖ್ಯೆಯಲ್ಲಿ ಹಿಡಿದು ಬೇರೆಡೆ ಬಿಡಲಾಯಿತು. ಅದಕ್ಕೂ ಮುನ್ನ ಮನುಷ್ಯರ ಮೇಲಿನ ದಾಳಿಗಳು ವರ್ಷಕ್ಕೆ ಸರಾಸರಿ 4 ಇದ್ದುದು, ಅನಂತರದ ವರ್ಷಗಳಲ್ಲಿ ಸರಾಸರಿ 17ಕ್ಕೆ ಏರಿತು. ಈ ಅನುಭವದ ಹಿನ್ನೆಲೆಯಲ್ಲಿ ಕೇಂದ್ರ ಪರಿಸರ ಸಚಿವಾಲಯವು 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯು, ಚಿರತೆ ಕಣ್ಣಿಗೆ ಬಿದ್ದ ಮಾತ್ರಕ್ಕೆ ಅದನ್ನು ಹಿಡಿಯಬಾರದೆಂದು ಸೂಚಿಸುತ್ತದೆ.

ಮನುಷ್ಯರ ಮೇಲೆ ದಾಳಿ ನಡೆದಾಗ ಪರಿಸ್ಥಿತಿಯು ಬೇರೆ. ಮೈಸೂರು ಜಿಲ್ಲೆಯ ಟಿ. ನರಸೀಪುರ ತಾಲ್ಲೂಕಿನಲ್ಲಿ 2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗೆ ನಾಲ್ವರು ಚಿರತೆ ದಾಳಿಗೆ ಬಲಿಯಾದರು. ತದನಂತರ ಜಿಲ್ಲೆಯಲ್ಲಿ ಚಿರತೆ ಕಾರ್ಯಪಡೆಯನ್ನು ರಚಿಸಲಾಯಿತು. ಅಂತಹ ಪ್ರಾಣಿಯನ್ನು ಗುರುತಿಸಿ ಹಿಡಿಯುವುದು ಅರಣ್ಯ ಇಲಾಖೆಯ ಹೊಣೆ, ಗ್ರಾಮಸ್ಥರು ಅದಕ್ಕೆ ಸಹಕರಿಸಬೇಕು. ಆದರೆ ಮೇಕೆ ಕಳೆದುಕೊಂಡ ಪ್ರತಿಯೊಂದು ಊರಿನಲ್ಲಿಯೂ ಬೋನು ಇಡುವುದರಿಂದ ಮುಂದಿನ ಮೇಕೆ ಉಳಿಯುವುದಿಲ್ಲ.

ಸುರಕ್ಷಿತ ರಾತ್ರಿ ಕೊಟ್ಟಿಗೆಯ ರಚನೆ

ಚಿರತೆಯು ಸುಮಾರು 3 ಮೀಟರ್ ಎತ್ತರಕ್ಕೆ ನೆಗೆಯಬಲ್ಲದು ಹಾಗೂ ಮರ, ಗೋಡೆಗಳನ್ನು ಸುಲಭವಾಗಿ ಏರಬಲ್ಲದು. ಆದ್ದರಿಂದ ಮುಳ್ಳುಬೇಲಿ ಅಥವಾ ಚಾವಣಿಯಿಲ್ಲದ ಗೋಡೆಯು ಸಾಲದು. ಕೊಟ್ಟಿಗೆಯು ಆರು ಕಡೆಯಿಂದಲೂ, ಅಂದರೆ ನಾಲ್ಕು ಗೋಡೆ, ಮೇಲ್ಭಾಗ ಹಾಗೂ ಬುಡದಿಂದಲೂ ಭದ್ರವಾಗಿರಬೇಕು.

1. ಸ್ಥಳ: ಮನೆಗೆ ಹೊಂದಿಕೊಂಡಂತೆ ಅಥವಾ ಸದ್ದು ಕೇಳಿಸುವಷ್ಟು ಹತ್ತಿರದಲ್ಲಿರಬೇಕು. ಕೊಟ್ಟಿಗೆಯ ಮೇಲೆ ಮರದ ಕೊಂಬೆಗಳು ಚಾಚಿಕೊಂಡಿದ್ದಲ್ಲಿ ಕತ್ತರಿಸಬೇಕು.

2. ಗೋಡೆ: ಕೆಳಗಿನ 3 ಅಡಿ ಕಲ್ಲು, ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕ್‌ನಿಂದ ಕಟ್ಟಿ, ಮೇಲಿನ ಭಾಗಕ್ಕೆ ದಪ್ಪ ತಂತಿಯ ಚೈನ್‌ಲಿಂಕ್ ಜಾಲರಿ ಅಳವಡಿಸಬೇಕು. ಜಾಲರಿಯ ಕಣ್ಣು 5 ಸೆಂ.ಮೀ. ಮೀರಬಾರದು. ಕೋಳಿಗೂಡಿನ ತೆಳು ಜಾಲರಿಯು ಕುರಿ ದೊಡ್ಡಿಗೆ ಸೂಕ್ತವಲ್ಲ.

3. ಬುಡ: ಪೂರ್ತಿ ಜಾಲರಿಯ ಕೊಟ್ಟಿಗೆಯಾಗಿದ್ದಲ್ಲಿ ಜಾಲರಿಯನ್ನು ನೆಲದೊಳಗೆ ಕನಿಷ್ಠ 1 ಅಡಿ ಹೂಳಿ ಕಲ್ಲು ತುಂಬಬೇಕು. ಇದರಿಂದ ನಾಯಿ, ತೋಳ ಹಾಗೂ ನರಿಗಳು ಬಗೆದು ಒಳನುಗ್ಗುವುದನ್ನು ತಡೆಯಬಹುದು.

4. ಚಾವಣಿ: ತಗಡು ಅಥವಾ ಹೆಂಚಿನ ಕೆಳಗೆ ಜಾಲರಿ ಹಾಸುವುದು ಒಳಿತು. ಗೋಡೆಯ ತುದಿ ಹಾಗೂ ಚಾವಣಿಯ ನಡುವಿನ ತೆರಪನ್ನು ಜಾಲರಿಯಿಂದಲೇ ಮುಚ್ಚಬೇಕು. ದಾಳಿಗಳಿಗೆ ದಾರಿಯಾಗುವ ಸ್ಥಳಗಳಲ್ಲಿ ಈ ತೆರಪು ಮುಖ್ಯವಾದುದು.

5. ಬಾಗಿಲು: ಕಬ್ಬಿಣದ ಅಥವಾ ಗಟ್ಟಿಮರದ ಚೌಕಟ್ಟು, ಮೇಲೆ ಹಾಗೂ ಕೆಳಗೆ ಎರಡು ಚಿಲಕ. ಬಾಗಿಲಿನ ಕೆಳಗಿನ ಸಂದು 7ರಿಂದ 8 ಸೆಂ.ಮೀ. ಮೀರಬಾರದು. ಗೋಣಿಚೀಲ, ತಡಿಕೆ ಅಥವಾ ಹಗ್ಗದ ಕಟ್ಟು ಬಾಗಿಲೆನಿಸುವುದಿಲ್ಲ.

6. ಗಾಳಿ-ಬೆಳಕು: ಭದ್ರತೆಯ ನೆಪದಲ್ಲಿ ಕೊಟ್ಟಿಗೆಯನ್ನು ಪೂರ್ಣ ಮುಚ್ಚಬಾರದು. ಗಂಜಲದ ಅಮೋನಿಯಾ ಅನಿಲವು ಸಂಗ್ರಹವಾಗಿ ಮರಿಗಳಲ್ಲಿ ಶ್ವಾಸಕೋಶದ ರೋಗ ಕಾಣಿಸಿಕೊಳ್ಳುತ್ತದೆ. ಬೆಳೆದ ಕುರಿ ಅಥವಾ ಮೇಕೆಯೊಂದಕ್ಕೆ ಚಾವಣಿಯ ಅಡಿಯಲ್ಲಿ ಕನಿಷ್ಠ 1 ಚದರ ಮೀಟರ್, ಹಸುವೊಂದಕ್ಕೆ 3.5 ಚದರ ಮೀಟರ್ ಸ್ಥಳ ಒದಗಿಸಬೇಕು.

ಸೀಮಿತ ಹಣವುಳ್ಳ ರೈತರು ಆದ್ಯತೆಯ ಕ್ರಮವನ್ನು ಅನುಸರಿಸಬಹುದು. ಚಿರತೆಯು ಬೆಳೆದ ಹಸು, ಎಮ್ಮೆಗಳಿಗಿಂತ ಕರು, ಮೇಕೆ ಹಾಗೂ ಕುರಿಗಳನ್ನೇ ಹೆಚ್ಚಾಗಿ ಹಿಡಿಯುವುದರಿಂದ ಮೊದಲು ಇವುಗಳಿಗೆ ಭದ್ರವಾದ ಒಂದು ಸಣ್ಣ ಕೋಣೆಯನ್ನು ಸಿದ್ಧಪಡಿಸಬೇಕು. ಹತ್ತು ಮೇಕೆಗಳಿಗೆ 10 ಅಡಿ ಉದ್ದ, 11 ಅಡಿ ಅಗಲದ ಕೋಣೆ ಸಾಕಾಗುತ್ತದೆ. ಕೊಟ್ಟಿಗೆ ನಿರ್ಮಾಣಕ್ಕೆ ಉದ್ಯೋಗ ಖಾತರಿ ಹಾಗೂ ಇತರ ಯೋಜನೆಗಳಡಿ ದೊರೆಯುವ ನೆರವಿನ ಬಗ್ಗೆ ಗ್ರಾಮ ಪಂಚಾಯಿತಿ ಮತ್ತು ಪಶುಪಾಲನಾ ಇಲಾಖೆಯಲ್ಲಿ ವಿಚಾರಿಸಬೇಕು. ಅರ್ಜಿ ಸಲ್ಲಿಸುವಾಗಲೇ ಜಾಲರಿ ಹಾಗೂ ಬಾಗಿಲನ್ನು ಅಂದಾಜುಪಟ್ಟಿಯಲ್ಲಿ ಸೇರಿಸುವುದು ಸೂಕ್ತ.

ವಲಸೆ ಕುರಿಗಾರರು ಬಲೆದೊಡ್ಡಿಯ ಸುತ್ತ ಎರಡು ಸುತ್ತಿನ ಬಲೆ ಕಟ್ಟುವುದು, ಮರಿಗಳನ್ನು ನಡುವಿನಲ್ಲಿ ಮುಚ್ಚಳವಿರುವ ಬುಟ್ಟಿ ಅಥವಾ ಜಾಲರಿ ಗೂಡಿನಲ್ಲಿ ಇಡುವುದು, ದೊಡ್ಡಿಯನ್ನು ಕಬ್ಬು ಹಾಗೂ ಜಾಲಿ ಪೊದೆಗಳಿಂದ ದೂರವಿರುವ ಬಯಲಿನಲ್ಲಿ ಹೂಡುವುದು ಹಾಗೂ ಸರದಿಯಂತೆ ಕಾವಲಿರುವುದು ಅವಶ್ಯ. ಮಿನುಗುವ ದೀಪ, ರೇಡಿಯೊ ಸದ್ದುಗಳು ಕೆಲವು ದಿನ ಪ್ರಯೋಜನ ನೀಡುತ್ತವೆ. ಪ್ರಾಣಿಗಳು ಅವುಗಳಿಗೆ ಒಗ್ಗಿಕೊಳ್ಳುವುದರಿಂದ ಸ್ಥಳ ಹಾಗೂ ಕ್ರಮವನ್ನು ಬದಲಿಸುತ್ತಿರಬೇಕು. ಇವು ಕೊಟ್ಟಿಗೆಗೆ ಬದಲಿಯಲ್ಲ.

ಹಗಲಿನಲ್ಲಿ ಮೇಯಿಸುವಾಗ ಮಂದೆಯನ್ನು ಕಾವಲಿಲ್ಲದೆ ಬಿಡಬಾರದು. ಸೂರ್ಯಾಸ್ತಕ್ಕೆ ಮುನ್ನವೇ ಜಾನುವಾರುಗಳನ್ನು ಎಣಿಸಿ ಒಳಗೆ ಸೇರಿಸಬೇಕು. ಮೇಕೆಗಳನ್ನು ಕಬ್ಬಿನ ಅಂಚಿನಲ್ಲಿ ಗೂಟಕ್ಕೆ ಕಟ್ಟಿ ಬಿಡುವ ರೂಢಿಯನ್ನು ಕೈಬಿಡಬೇಕು.

ಬೆಳೆ ಹಾಗೂ ಪರಿಸರ ನಿರ್ವಹಣೆ

ಮನೆ ಮತ್ತು ಕೊಟ್ಟಿಗೆಯ ಸುತ್ತ ಕನಿಷ್ಠ 10ರಿಂದ 15 ಮೀಟರ್ ಪ್ರದೇಶವನ್ನು ಮರೆಯಿಲ್ಲದಂತೆ ಇಡಬೇಕು. ಈ ಪಟ್ಟಿಯಲ್ಲಿ ಕಬ್ಬು, ಮುಸುಕಿನ ಜೋಳ ಹಾಗೂ ನೇಪಿಯರ್ ಹುಲ್ಲಿನಂತಹ ಎತ್ತರದ ಬೆಳೆಗಳ ಬದಲು ಹೆಸರು, ಉದ್ದು, ಅಲಸಂದೆ, ಶೇಂಗಾ, ಕಡಲೆ ಅಥವಾ ಸೊಪ್ಪು-ತರಕಾರಿಗಳನ್ನು ಬೆಳೆಯುವುದು ಸೂಕ್ತ. ಇದರಿಂದ ಭೂಮಿಯು ಪಾಳು ಬೀಳುವುದಿಲ್ಲ, ಮನೆಯ ಬಳಕೆಗೆ ಬೇಳೆಯೂ ದೊರೆಯುತ್ತದೆ. ಬದುಗಳಲ್ಲಿ ದಟ್ಟವಾಗಿ ಬೆಳೆದ ಲಂಟಾನ ಹಾಗೂ ಬಳ್ಳಾರಿ ಜಾಲಿಯನ್ನು ಮನೆಯ ಸಮೀಪದಲ್ಲಿ ಹಾಗೂ ಶಾಲಾ ದಾರಿಗಳ ಇಕ್ಕೆಲಗಳಲ್ಲಿ ತೆಗೆಯಬೇಕು.

ಕಬ್ಬಿನಲ್ಲಿ ಜೋಡಿಸಾಲು ಪದ್ಧತಿಯೊಂದಿಗೆ ಹನಿ ನೀರಾವರಿ ಅಳವಡಿಸುವುದರಿಂದ ನೀರು ಹಾಗೂ ಗೊಬ್ಬರದ ಉಳಿತಾಯದ ಜೊತೆಗೆ ರಾತ್ರಿ ನೀರು ಹಾಯಿಸಲು ಬೆಳೆಯೊಳಗೆ ಓಡಾಡುವ ಅಗತ್ಯವೂ ಕಡಿಮೆಯಾಗುತ್ತದೆ. ಪಿಎಂ-ಕುಸುಮ್ ಯೋಜನೆಯ ಸೌರ ಪಂಪ್‌ಸೆಟ್‌ಗಳು ಹಗಲಿನಲ್ಲಿಯೇ ನೀರು ಹಾಯಿಸಲು ಅನುಕೂಲಕರ. ರಾತ್ರಿ ನೀರು ಹಾಯಿಸುವುದು ಅನಿವಾರ್ಯವಾದಲ್ಲಿ ಇಬ್ಬರು ಜೊತೆಯಾಗಿ, ಪ್ರಖರ ದೀಪದೊಂದಿಗೆ, ಮಾತನಾಡುತ್ತಾ ಹೋಗಬೇಕು.

ಸತ್ತ ಕೋಳಿ, ಕೋಳಿ ಅಂಗಡಿಯ ತ್ಯಾಜ್ಯ ಹಾಗೂ ಸತ್ತ ಕರುಗಳನ್ನು ಊರಂಚಿಗೆ ಎಸೆಯುವುದರಿಂದ ಬೀದಿನಾಯಿಗಳು ಹೆಚ್ಚುತ್ತವೆ, ನಾಯಿಗಳ ಬೆನ್ನಹಿಂದೆ ಚಿರತೆ ಬರುತ್ತದೆ. ಅಕೋಲೆಯ ಅಂಕಿಅಂಶಗಳು ಇದನ್ನೇ ಸೂಚಿಸುತ್ತವೆ. ಆರೋಗ್ಯವಂತ ಪ್ರಾಣಿಗಳ ತ್ಯಾಜ್ಯವಾದರೂ 6 ಅಡಿ ಆಳದ ಗುಂಡಿಯಲ್ಲಿ ಸುಣ್ಣ ಸಿಂಪಡಿಸಿ ಹೂಳಬೇಕು. ಬೀದಿನಾಯಿಗಳ ಸಂತಾನಹರಣ ಹಾಗೂ ಲಸಿಕೆಗೆ ಗ್ರಾಮ ಪಂಚಾಯಿತಿಯು ಕ್ರಮ ಕೈಗೊಳ್ಳಬೇಕು. ಸಾಕಿದ ನಾಯಿಯನ್ನು ರಾತ್ರಿ ಅಂಗಳದಲ್ಲಿ ಸರಪಳಿಯಿಂದ ಕಟ್ಟುವುದು ಚಿರತೆಗೆ ಆಹಾರವಿಟ್ಟಂತೆ. ಅದಕ್ಕೂ ಒಳಗೆ ಜಾಗ ಕಲ್ಪಿಸಬೇಕು.

ಕಬ್ಬು ಕಟಾವಿನ ಸಮಯದಲ್ಲಿ ಅನುಸರಿಸಬೇಕಾದ ಕ್ರಮಗಳು

• ಕಟಾವನ್ನು ಒಂದು ಬದಿಯಿಂದ ಪ್ರಾರಂಭಿಸಿ, ಎದುರು ಬದಿಯಲ್ಲಿ ಪ್ರಾಣಿಯು ಹೊರಹೋಗಲು ದಾರಿ ಬಿಡಬೇಕು. ನಾಲ್ಕೂ ಕಡೆಯಿಂದ ಏಕಕಾಲಕ್ಕೆ ಕಡಿಯುವುದು ಅಥವಾ ಬೆಂಕಿ ಹಚ್ಚುವುದು ಅಪಾಯಕಾರಿ.

• ಕೆಲಸ ಪ್ರಾರಂಭಿಸುವ ಮುನ್ನ ಸದ್ದು ಮಾಡಿ ಕೆಲಕಾಲ ಕಾಯಬೇಕು. ಕಟಾವು ಕಾರ್ಮಿಕರ ಮಕ್ಕಳನ್ನು ಕಬ್ಬಿನ ಅಂಚಿನಲ್ಲಿ ಮಲಗಿಸಬಾರದು. ಕಾರ್ಮಿಕರ ಗುಡಿಸಲುಗಳಿಗೆ ಬಾಗಿಲು, ದೀಪ ಹಾಗೂ ಶೌಚಾಲಯವನ್ನು ಜಮೀನಿನ ಮಾಲೀಕರು ಅಥವಾ ಗುತ್ತಿಗೆದಾರರು ಒದಗಿಸಬೇಕು.

• ಮರಿಗಳು ಕಂಡಲ್ಲಿ ಮುಟ್ಟಬಾರದು, ಮನೆಗೆ ತರಬಾರದು, ಅವುಗಳೊಂದಿಗೆ ಛಾಯಾಚಿತ್ರ ತೆಗೆಸಿಕೊಳ್ಳಬಾರದು. ಆ ಭಾಗದ ಕಟಾವನ್ನು ನಿಲ್ಲಿಸಿ ಅರಣ್ಯ ಇಲಾಖೆಗೆ ತಿಳಿಸಬೇಕು. ಮರಿಗಳನ್ನು ಅಲ್ಲಿಯೇ ಬಿಟ್ಟರೆ ತಾಯಿಯು ರಾತ್ರಿ ಬಂದು ಕೊಂಡೊಯ್ಯುವುದು ಜುನ್ನರ್ ಭಾಗದಲ್ಲಿ ಹಲವು ಬಾರಿ ಕಂಡುಬಂದಿದೆ. ಮರಿಯನ್ನು ಕಳೆದುಕೊಂಡ ತಾಯಿಯು ಆ ಪ್ರದೇಶದಲ್ಲಿಯೇ ಹುಡುಕಾಡುವುದರಿಂದ ಅಪಾಯ ಹೆಚ್ಚುತ್ತದೆ.

• ಚಿರತೆ ಮರಿಗಳೆಂದು ತರಲಾಗುವವುಗಳಲ್ಲಿ ಕಾಡುಬೆಕ್ಕು ಹಾಗೂ ಚುಕ್ಕೆಬೆಕ್ಕಿನ ಮರಿಗಳೂ ಇರುತ್ತವೆ. ಚಿರತೆ ಮರಿಗೆ ದಪ್ಪ ಪಾದ, ದುಂಡು ತಲೆ ಹಾಗೂ ಮೈತುಂಬಾ ದಟ್ಟ ಚುಕ್ಕೆಗಳಿರುತ್ತವೆ. ಯಾವುದೇ ಮರಿಯಾದರೂ ಅನುಸರಿಸಬೇಕಾದ ಕ್ರಮವು ಒಂದೇ.

ಚಿರತೆ ಎದುರಾದಾಗ

ಓಡಬಾರದು, ಬಗ್ಗಬಾರದು, ಕುಳಿತುಕೊಳ್ಳಬಾರದು. ಚಿರತೆಯತ್ತ ಮುಖಮಾಡಿ, ಮಕ್ಕಳಿದ್ದಲ್ಲಿ ಎತ್ತಿಕೊಂಡು, ಜೋರಾಗಿ ಮಾತನಾಡುತ್ತಾ ನಿಧಾನವಾಗಿ ಹಿಂದೆ ಸರಿಯಬೇಕು. ಅದಕ್ಕೆ ಹೋಗಲು ದಾರಿ ಬಿಡಬೇಕು. ಮನೆ ಅಥವಾ ಕೊಟ್ಟಿಗೆಯೊಳಗೆ ಸೇರಿಕೊಂಡಿದ್ದಲ್ಲಿ ಸಾಧ್ಯವಾದರೆ ಹೊರಗಿನಿಂದ ಬಾಗಿಲು ಹಾಕಿ ಅರಣ್ಯ ಇಲಾಖೆಗೆ ತಿಳಿಸಬೇಕು. ಗುಂಪು ಸೇರಿ ಕಲ್ಲೆಸೆಯುವುದು, ಮೊಬೈಲ್ ಹಿಡಿದು ಹತ್ತಿರ ಹೋಗುವುದು ಮುಂತಾದ ವರ್ತನೆಗಳಿಂದ ಸುತ್ತುವರಿಯಲ್ಪಟ್ಟ ಚಿರತೆಯು ಜನರ ಮೇಲೆ ಎರಗುತ್ತದೆ. ಅರಣ್ಯ ಇಲಾಖೆಯ ಸಹಾಯವಾಣಿ 1926, ತುರ್ತು ಸೇವೆಯ ಸಂಖ್ಯೆ 112.

ಕಚ್ಚಿದ ಅಥವಾ ಪರಚಿದ ಗಾಯವಾದಲ್ಲಿ ಹರಿಯುವ ನೀರು ಹಾಗೂ ಸಾಬೂನಿನಿಂದ 15 ನಿಮಿಷ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಬೇಕು. ರೇಬೀಸ್ ನಿರೋಧಕ ಲಸಿಕೆಯನ್ನು ವೈದ್ಯರ ಸಲಹೆಯಂತೆ ಪೂರ್ಣವಾಗಿ ಪಡೆಯಬೇಕು. ಸುಣ್ಣ, ಕಾರದಪುಡಿ, ಕಾಫಿಪುಡಿ ಹಚ್ಚಬಾರದು.

ಜಾನುವಾರು ಬಲಿಯಾದ ನಂತರದ ಕ್ರಮಗಳು

1. ಕಳೇಬರವನ್ನು ಸ್ಥಳಾಂತರಿಸದೆ, ಚರ್ಮ ಸುಲಿಯದೆ ಇದ್ದಲ್ಲಿಯೇ ಬಿಟ್ಟು, ಅದೇ ದಿನ ಸಮೀಪದ ಅರಣ್ಯ ಕಚೇರಿಗೆ ಅಥವಾ ಸಹಾಯವಾಣಿಗೆ ತಿಳಿಸಬೇಕು.

2. ಗಾಯ, ಹೆಜ್ಜೆ ಗುರುತು, ಕೊಟ್ಟಿಗೆಯ ಮುರಿದ ಭಾಗ ಹಾಗೂ ಕಿವಿಯೋಲೆಯ ಛಾಯಾಚಿತ್ರ ತೆಗೆಯಬೇಕು. ಕಿವಿಯೋಲೆಯ 12 ಅಂಕಿಯ ಸಂಖ್ಯೆಯು ಮಾಲೀಕತ್ವವನ್ನು ಸಾಬೀತುಪಡಿಸಲು ನೆರವಾಗುತ್ತದೆ; ವಿಮೆಗೂ ಅದು ಅವಶ್ಯ.

3. ಅರಣ್ಯ ಸಿಬ್ಬಂದಿಯ ಸ್ಥಳ ಮಹಜರು ಹಾಗೂ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಪಡೆದು, ಗುರುತಿನ ಚೀಟಿ ಮತ್ತು ಬ್ಯಾಂಕ್ ಖಾತೆಯ ವಿವರಗಳೊಂದಿಗೆ ಪರಿಹಾರಕ್ಕೆ ಅರ್ಜಿ ಸಲ್ಲಿಸಬೇಕು. ಸ್ವೀಕೃತಿ ಪತ್ರವನ್ನು ತಪ್ಪದೇ ಪಡೆಯಬೇಕು.

4. ಗಾಯಗೊಂಡ ಜಾನುವಾರುಗಳಿಗೆ ಪಶುಪಾಲನಾ ಇಲಾಖೆಯ 1962 ಸಂಖ್ಯೆಗೆ ಕರೆಮಾಡಿ ಚಿಕಿತ್ಸೆ ಹಾಗೂ ರೇಬೀಸ್ ಲಸಿಕೆ ಕೊಡಿಸಬೇಕು.

5. ಅದೇ ಸಂಜೆಯೊಳಗೆ ಉಳಿದ ಪ್ರಾಣಿಗಳನ್ನು ಭದ್ರ ಸ್ಥಳಕ್ಕೆ ಸೇರಿಸಬೇಕು. ಒಮ್ಮೆ ಸುಲಭವಾಗಿ ಆಹಾರ ಸಿಕ್ಕ ಸ್ಥಳಕ್ಕೆ ಚಿರತೆಯು ಮರಳಿ ಬರುವ ಸಾಧ್ಯತೆ ಹೆಚ್ಚು.

ವಿಷ, ಉರುಳು ಹಾಗೂ ವಿದ್ಯುತ್ ತಂತಿ ಬಳಸಬಾರದು

ನಷ್ಟದ ಸಿಟ್ಟಿನಲ್ಲಿ ಕಳೇಬರಕ್ಕೆ ಕೀಟನಾಶಕ ಬೆರೆಸುವುದು ಅತ್ಯಂತ ಹಾನಿಕರ. ಚಾಮರಾಜನಗರ ಜಿಲ್ಲೆಯ ಮಲೆಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ 2025ರ ಜೂನ್ ತಿಂಗಳಲ್ಲಿ ವಿಷ ಬೆರೆತ ಹಸುವಿನ ಕಳೇಬರ ತಿಂದು ತಾಯಿಹುಲಿ ಹಾಗೂ ಅದರ ನಾಲ್ಕು ಮರಿಗಳು ಸತ್ತವು. ಸತ್ತ ಹಸು ಮರಳಿ ಬರಲಿಲ್ಲ. ಪ್ರಕರಣವು ಬಂಧನದವರೆಗೆ ಹೋಯಿತು. ವಿಷವು ನಾಯಿ, ಕಾಗೆ, ಹದ್ದುಗಳನ್ನೂ ಕೊಲ್ಲುತ್ತದೆ, ನೀರಿನ ಮೂಲಕ್ಕೆ ಸೇರಿದರೆ ಜಾನುವಾರುಗಳಿಗೂ ಅಪಾಯ. ಬೇಲಿಗೆ ನೇರವಾಗಿ ವಿದ್ಯುತ್ ಹಾಯಿಸುವುದರಿಂದ ಸ್ವಂತ ಮನೆಯವರೇ ಬಲಿಯಾಗಬಹುದು. ಹುಲಿ, ಚಿರತೆ ಹಾಗೂ ತೋಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಮೊದಲನೆಯ ಅನುಸೂಚಿಯಲ್ಲಿದ್ದು, ಅವುಗಳನ್ನು ಕೊಂದವರಿಗೆ 3ರಿಂದ 7 ವರ್ಷಗಳವರೆಗೆ ಜೈಲು ಶಿಕ್ಷೆ ಹಾಗೂ ಕನಿಷ್ಠ 25,000 ರೂಪಾಯಿ ದಂಡ ವಿಧಿಸಬಹುದಾಗಿದೆ.

ವಿಸ್ತರಣಾ ಕಾರ್ಯಕರ್ತರಿಗೆ ಸೂಚನೆಗಳು

ಪ್ರತಿ ಗ್ರಾಮದಲ್ಲಿ ದಾಳಿಯ ದಿನಾಂಕ, ಸಮಯ, ಬಲಿಯಾದ ಪ್ರಾಣಿ, ಅದು ಕಟ್ಟಿದ್ದ ಸ್ಥಳ, ಬಾಗಿಲಿನ ಸ್ಥಿತಿ ಹಾಗೂ ಹೆಜ್ಜೆ ಗುರುತಿನ ಅಳತೆಗಳನ್ನು ಒಂದು ವಹಿಯಲ್ಲಿ ದಾಖಲಿಸಬೇಕು. ಒಂದು ವರ್ಷದ ದಾಖಲೆಯಿಂದ ಯಾವ ಬೀದಿ, ಯಾವ ಬಗೆಯ ಕೊಟ್ಟಿಗೆ, ಯಾವ ತಿಂಗಳು ಹೆಚ್ಚು ಅಪಾಯಕಾರಿ ಎಂಬುದು ತಾನಾಗಿಯೇ ತಿಳಿಯುತ್ತದೆ. ಕಟಾವಿನ ಹಂಗಾಮಿಗೆ ಮುನ್ನ ಮೇಕೆ ಸಾಕುವ ಮನೆಗಳಿಗೆ ಭೇಟಿ ನೀಡಿ ಬಾಗಿಲು, ಚಾವಣಿಯ ತೆರಪು ಹಾಗೂ ಸುತ್ತಲಿನ ಪೊದೆಗಳನ್ನು ಪರಿಶೀಲಿಸಬೇಕು. ಜಾಲರಿಯನ್ನು ಸ್ವಸಹಾಯ ಸಂಘ ಅಥವಾ ರೈತ ಉತ್ಪಾದಕ ಸಂಸ್ಥೆಯ ಮೂಲಕ ಒಟ್ಟಾಗಿ ಖರೀದಿಸಿದರೆ ವೆಚ್ಚ ತಗ್ಗುತ್ತದೆ. ಒಬ್ಬ ರೈತನ ಕೊಟ್ಟಿಗೆಯನ್ನು ಮಾದರಿಯಾಗಿ ಸಿದ್ಧಪಡಿಸಿ ಉಳಿದವರಿಗೆ ತೋರಿಸುವುದು ಭಾಷಣಕ್ಕಿಂತ ಪರಿಣಾಮಕಾರಿ. ವಾಟ್ಸ್‌ಆ್ಯಪ್‌ನಲ್ಲಿ ಬರುವ ಹಳೆಯ ಅಥವಾ ಬೇರೆ ಊರಿನ ಚಿತ್ರಗಳನ್ನು ಪರಿಶೀಲಿಸದೆ ಹಂಚಬಾರದು.

ಸಾರಾಂಶ

ಚಿರತೆಯು ನಮ್ಮ ಕೃಷಿ ಪ್ರದೇಶಗಳ ನಿವಾಸಿಯಾಗಿದ್ದು, ಅದನ್ನು ಹಿಡಿದು ಸಾಗಿಸುವುದರಿಂದ ಜಾನುವಾರು ನಷ್ಟವು ನಿಲ್ಲುವುದಿಲ್ಲ. ದಾಳಿ ಮಾಡಿದ ಪ್ರಾಣಿಯನ್ನು ಸರಿಯಾಗಿ ಗುರುತಿಸುವುದು, ಸೂರ್ಯಾಸ್ತಕ್ಕೆ ಮುನ್ನ ಕುರಿ, ಮೇಕೆ, ಕರುಗಳನ್ನು ಚಾವಣಿ ಹಾಗೂ ಬಾಗಿಲುಳ್ಳ ಕೊಟ್ಟಿಗೆಯಲ್ಲಿ ಸೇರಿಸುವುದು, ಮನೆಯ ಸುತ್ತಲಿನ ಮರೆ ಹಾಗೂ ತ್ಯಾಜ್ಯವನ್ನು ತೆಗೆಯುವುದು ಮತ್ತು ನಷ್ಟವಾದಾಗ ನಿಯಮಾನುಸಾರ ಪರಿಹಾರ ಪಡೆಯುವುದು ರೈತರು ಕೈಗೊಳ್ಳಬೇಕಾದ ನಾಲ್ಕು ಮುಖ್ಯ ಕ್ರಮಗಳು. ಇಲಿಗಳನ್ನು ಹತೋಟಿಯಲ್ಲಿಡುವ ಸಣ್ಣ ಕಾಡುಬೆಕ್ಕುಗಳನ್ನು ಕೃಷಿಯ ಮಿತ್ರರೆಂದು ಪರಿಗಣಿಸಿ ಉಳಿಸಬೇಕು. ಕೊಟ್ಟಿಗೆಯ ವಿನ್ಯಾಸ ಹಾಗೂ ಬೆಳೆ ಯೋಜನೆಯ ಕುರಿತು ಹೆಚ್ಚಿನ ಮಾಹಿತಿಗಾಗಿ ರೈತ ಬಾಂಧವರು ತಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರ, ರೈತ ಸಂಪರ್ಕ ಕೇಂದ್ರ ಅಥವಾ ಸಮೀಪದ ಪಶು ಆಸ್ಪತ್ರೆಯನ್ನು ಸಂಪರ್ಕಿಸಬಹುದು.